ದುಃಖಕ್ಕೂ ಒಂದು ನಡಿಗೆಯಿದೆ

 

ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಸಂಗೀತವನ್ನು ತೆಗೆದುಕೊಂಡಿದ್ದೇನೆ. ಅದು ನಮ್ಮ ನಾಡಿನದಲ್ಲ, ಧಮ್ಮದ ಹಾಡೂ ಅಲ್ಲ. ಬೀಥೋವನ್ ಬರೆದ ಏಳನೇ ಸಿಂಫನಿಯ ಎರಡನೇ ಭಾಗ. ಸುಮಾರು ಎಂಟು ನಿಮಿಷ ಅಷ್ಟೆ. ಬಾಬಾಸಾಹೇಬರು ಅಷ್ಟೆಲ್ಲ ಕೆಲಸದ ನಡುವೆಯೂ ಪಿಟೀಲು ಕಲಿಯಲು ಕೂತವರು. ಆದ್ದರಿಂದ ಇದು ನಮಗೆ ಸಂಬಂಧವಿಲ್ಲದ ವಿಷಯ ಎನ್ನಬೇಡಿ.

ಈ ಸಿಂಫನಿ ಮೊದಲು ನುಡಿದದ್ದು 1813ರ ಡಿಸೆಂಬರ್ 8ರಂದು, ವಿಯೆನ್ನಾದಲ್ಲಿ. ಯುದ್ಧದಲ್ಲಿ ಗಾಯಗೊಂಡ ಸೈನಿಕರ ಸಹಾಯಕ್ಕಾಗಿ ಏರ್ಪಡಿಸಿದ್ದ ಕಛೇರಿ ಅದು. ಮುಂದೆ ನಿಂತು ನಡೆಸಿದವನು ಬೀಥೋವನ್‌ನೇ. ಆ ಹೊತ್ತಿಗೆ ಅವನ ಕಿವಿ ಬಹುಪಾಲು ಹೋಗಿತ್ತು. ಎರಡನೇ ಭಾಗ ಮುಗಿದಾಗ ಜನ ಇನ್ನೊಮ್ಮೆ ನುಡಿಸಿ ಎಂದು ಕೇಳಿದರು, ನುಡಿಸಲಾಯಿತು.

ಇದರ ಭಾವ ಶೋಕ. ಶ್ರುತಿ ಎ ಮೈನರ್. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ನಠಭೈರವಿಗೆ ಹತ್ತಿರದ ಸ್ವರಗಳು. ಗಾಂಧಾರ ತಗ್ಗಿರುತ್ತದೆ, ಎದೆ ಭಾರವಾಗುತ್ತದೆ. ಆದರೆ ವೇಗದ ಸೂಚನೆ ನೋಡಿ. ಬೀಥೋವನ್ 'ನಿಧಾನ' ಎಂದು ಬರೆಯಲಿಲ್ಲ. 'ಅಲ್ಲೆಗ್ರೆಟ್ಟೊ' ಎಂದು ಬರೆದ. ಅಂದರೆ ಸ್ವಲ್ಪ ಚುರುಕು. ಮುಂದೆ 1817ರಲ್ಲಿ ನಿಮಿಷಕ್ಕೆ 76 ಬಡಿತ ಎಂದು ಲೆಕ್ಕವನ್ನೂ ಕೊಟ್ಟ. ಆರೋಗ್ಯವಂತ ಮನುಷ್ಯನ ನಾಡಿ ಹೆಚ್ಚುಕಡಿಮೆ ಅಷ್ಟೇ ಬಡಿಯುತ್ತದೆ. ಎಷ್ಟೋ ಜನ ಇದನ್ನು ಶವಯಾತ್ರೆಯಂತೆ ಎಳೆದು ನುಡಿಸುತ್ತಾರೆ. ಬರೆದವನು ಕೇಳಿದ್ದು ಅದನ್ನಲ್ಲ. ದುಃಖ ಇರಲಿ, ನಡಿಗೆ ನಿಲ್ಲದಿರಲಿ, ಇದು ಅವನ ಲೆಕ್ಕ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಅವ್ವ ತೀರಿಕೊಂಡು ಐದು ತಿಂಗಳಾಯಿತು. ತ್ರಿಸರಣ ಪಂಚಶೀಲ ಹೇಳಿ ಮಣ್ಣು ಮಾಡಿದೆವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡ ಬೇಡ ಎಂಬುದೂ ಒಂದು. ಹಾಗಾಗಿ ತಿಥಿ ಮಾಡಲಿಲ್ಲ. ಒಬ್ಬ ಸೋದರಮಾವ "ಹೆತ್ತವಳಿಗೆ ಒಂದು ಎಡೆ ಇಡದವರು ನೀವು" ಎಂದು ಮುಖ ತಿರುಗಿಸಿ ಹೋದರು. ಇತ್ತ ನಮ್ಮವರೇ ಒಬ್ಬರು "ಬೌದ್ಧರಾದ ಮೇಲೆ ಅಳಬಾರದು ಕಣಪ್ಪ" ಎಂದರು. ಒಬ್ಬರು ಹಳೆಯ ಹಗ್ಗ ಎಳೆದರು, ಇನ್ನೊಬ್ಬರು ಬಾಯಿ ಮುಚ್ಚಿಸಿದರು. ಹಾಗಾದರೆ ನಾವು ದುಃಖಿಸುವುದು ಹೇಗೆ?

ಊರಿನ ದೊಡ್ಡವರು ಸತ್ತರೆ ತಮಟೆ ಬಡಿಯಲು ನಮ್ಮ ಹಿರಿಯರನ್ನೇ ಕರೆಯುತ್ತಿದ್ದರು. ಬೇರೆಯವರ ಸಾವಿಗೆ ತಾಳ ಹಾಕಿದ ಕೈಗಳು ಅವು. ನಮ್ಮ ಸಾವಿಗೆ ನಮ್ಮದೇ ತಾಳ ಬೇಡವೇ?

ಮಹಾಪರಿನಿಬ್ಬಾಣದ ಹೊತ್ತಿಗೆ ಆನಂದ ಬಾಗಿಲಿಗೆ ಒರಗಿ ಅತ್ತ. ಭಗವಾನರು ಗದರಲಿಲ್ಲ. ಹತ್ತಿರ ಕರೆಸಿಕೊಂಡರು, ಪ್ರಿಯವಾದುದೆಲ್ಲ ಅಗಲುವಂಥದ್ದೇ ಎಂದು ನೆನಪಿಸಿದರು, ಅವನ ಸೇವೆಯನ್ನು ಎಲ್ಲರೆದುರು ಹೊಗಳಿದರು. ಅತ್ತದ್ದು ಅಪರಾಧವಾಗಲಿಲ್ಲ. ಆದರೆ ಅಲ್ಲೇ ಕೂತುಬಿಡಲೂ ಬಿಡಲಿಲ್ಲ.

ಸೋಣನ ಕಥೆ ನಮಗೆ ಗೊತ್ತು. ಪಾದದಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿ ಸೋತವನು. ಭಗವಾನರು ಅವನಿಗೆ ವೀಣೆಯ ತಂತಿಯನ್ನು ನೆನಪಿಸಿದರು. ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು. ದುಃಖದ ತಂತಿಗೂ ಇದೇ ಮಾತು. ಅಳಬಾರದೆಂದು ಹಲ್ಲು ಕಚ್ಚುವುದು ಬಿಗಿ. ಏಳಲಾರೆನೆಂದು ಬಿದ್ದಿರುವುದು ಸಡಿಲ.

ಈಗ ಸಂಗೀತಕ್ಕೆ ಬನ್ನಿ. ಮೊದಲು ಗಾಳಿವಾದ್ಯಗಳ ಒಂದೇ ಒಂದು ಸ್ವರಗುಚ್ಛ, ಒಂದು ನಿಟ್ಟುಸಿರಿನಂತೆ. ಆಮೇಲೆ ತಗ್ಗು ದನಿಯ ತಂತಿವಾದ್ಯಗಳು ಹೊರಡುತ್ತವೆ. ಗುರು, ಲಘು, ಲಘು, ಗುರು, ಗುರು. ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ತಕ್ಷಣ ತಿಳಿಯುತ್ತದೆ. ರಾಗ ಇದೆಯೋ ಇಲ್ಲವೋ ಎನ್ನುವಷ್ಟು ಸರಳ, ಹೆಜ್ಜೆ ಮಾತ್ರ ಇದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ರಾಗ ಜೊತೆಗೂಡುತ್ತದೆ. ಪಿಟೀಲುಗಳು ಒಂದೊಂದು ಗುಂಪಾಗಿ ಸೇರುತ್ತವೆ. ಕಡೆಗೆ ಇಡೀ ವಾದ್ಯವೃಂದವೇ ಅದೇ ಹೆಜ್ಜೆ ಹಾಕುತ್ತದೆ. ಒಬ್ಬರ ದುಃಖಕ್ಕೆ ಸಂಘ ಹೆಗಲು ಕೊಡುವುದೂ ಹೀಗೆಯೇ.

ನಡುವೆ ಶ್ರುತಿ ಎ ಮೇಜರ್‌ಗೆ ತಿರುಗುತ್ತದೆ. ಷಡ್ಜ ಅದೇ; ಗಾಂಧಾರ ಅರ್ಧ ಸ್ವರ ಮೇಲೇರಿದರೆ ಸಾಕು, ಮೋಡ ಸರಿದಂತಾಗುತ್ತದೆ. ಊರು ಬದಲಿಸಬೇಕಿಲ್ಲ, ನಿಂತ ನೆಲದಲ್ಲೇ ಬೆಳಕು. ಆದರೆ ಕಿವಿಗೊಟ್ಟು ಕೇಳಿ: ಆ ಬೆಳಕಿನ ಅಡಿಯಲ್ಲೂ ತಗ್ಗಿನ ತಂತಿಗಳು ಹಳೆಯ ಹೆಜ್ಜೆಯನ್ನು ಬಿಟ್ಟಿಲ್ಲ. ನಗುವಾಗಲೂ ಅವ್ವ ಇಲ್ಲ ಎಂಬುದು ಇದ್ದೇ ಇರುತ್ತದೆ. ಅದನ್ನು ಅಡಗಿಸಬೇಕಾಗಿಲ್ಲ. ನಂತರ ಆ ಬೆಳಕೂ ಹೋಗುತ್ತದೆ, ಮೈನರ್ ಮರಳುತ್ತದೆ. ಸುಖವೂ ಅನಿಚ್ಚ, ದುಃಖವೂ ಅನಿಚ್ಚ. ಕೊನೆಗೆ ಆರಂಭದ ಅದೇ ಸ್ವರಗುಚ್ಛ. ಷಡ್ಜವನ್ನು ತಳದಲ್ಲಿಟ್ಟು ಭದ್ರವಾಗಿ ಮುಗಿಯುವುದಿಲ್ಲ, ಪಂಚಮ ತಳದಲ್ಲಿರುತ್ತದೆ. ಎಲ್ಲ ಸರಿಹೋಯಿತು ಎಂಬ ಸುಳ್ಳನ್ನು ಅದು ಹೇಳುವುದಿಲ್ಲ. ಇದಾದ ಮೇಲೂ ಸಿಂಫನಿಯಲ್ಲಿ ಇನ್ನೆರಡು ಭಾಗಗಳಿವೆ, ಎರಡೂ ವೇಗದವು.

ಮಾವನಿಗೆ ನನ್ನ ಉತ್ತರ ಇಷ್ಟೇ: ಎಡೆ ಇಟ್ಟಿಲ್ಲ, ಅವ್ವನನ್ನು ಮರೆತೂ ಇಲ್ಲ. ಅವಳ ಹೆಸರಿನಲ್ಲಿ ಕೇರಿಯ ಮಕ್ಕಳಿಗೆ ನೋಟ್‌ಬುಕ್ ಕೊಡುತ್ತಿದ್ದೇವೆ. ಅದು ದಾನ, ಅದೇ ನಮ್ಮ ತಾಳ.

ಇಂದಿನ ಅಭ್ಯಾಸ: ಯಾರನ್ನಾದರೂ ಕಳೆದುಕೊಂಡವರು ಸಂಜೆ ಹತ್ತು ನಿಮಿಷ ನಡೆಯಿರಿ. ಹೆಜ್ಜೆಯ ಮೇಲೆ ಗಮನವಿರಲಿ. ಅಳು ಬಂದರೆ ಬರಲಿ, ನಡಿಗೆ ಮುಂದುವರಿಯಲಿ. ಒಬ್ಬರನ್ನು ಜೊತೆಗೆ ಕರೆಯಿರಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.