ಎರಡನೆಯ ಪಂಕ್ತಿ

ಒಂದು ವಸ್ತುವಿನ ಮರ್ಯಾದೆ ಇಳಿಯುವುದು ಯಾವಾಗ? ಅದು ಕೆಟ್ಟುಹೋದಾಗಲೋ, ಇಲ್ಲ ದೊಡ್ಡವರು ಅದನ್ನು ಬಿಟ್ಟು ಎದ್ದುಹೋದಾಗಲೋ? ಕೆಟ್ಟಾಗ ಎನ್ನುವುದು ನ್ಯಾಯವಾದ ಉತ್ತರ. ಆದರೆ ಲೋಕ ನಡೆಯುವುದು ಹಾಗಲ್ಲ. ಮದುವೆಮನೆಯ ಊಟವನ್ನೇ ನೋಡಿ. ಮೊದಲ ಪಂಕ್ತಿಯಲ್ಲಿ ಬೀಗರು, ಊರ ಹಿರಿಯರು, ಆಫೀಸಿನ ಸಾಹೇಬರು ಕೂತಾಗ ಬಡಿಸುವವರ ಕೈಯಲ್ಲಿರುವ ಲವಲವಿಕೆ, ಬಾಯಲ್ಲಿರುವ ಉಪಚಾರ ಎರಡನೆಯ ಪಂಕ್ತಿಗೆ ಅರ್ಧವಾಗಿರುತ್ತದೆ. ಮೂರನೆಯದಕ್ಕೆ ಎಲೆ ಹಾಕುವವರನ್ನೇ ಹುಡುಕಬೇಕು. ಹುಳಿ ಅದೇ, ಪಾಯಸ ಅದೇ. ಬದಲಾದದ್ದು ಎಲೆಯ ಮುಂದೆ ಕೂತವರು ಮಾತ್ರ. ಆ ಕೊನೆಯ ಪಂಕ್ತಿಯಲ್ಲಿ ಕೂರುವವರು ಸಾಮಾನ್ಯವಾಗಿ ನಾವು ಹೆಂಗಸರೇ ಆದ್ದರಿಂದ, ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನಮಗೆ ಸ್ವಲ್ಪ ಉಂಟು ಎಂದುಕೊಂಡಿದ್ದೇನೆ.

ನಾನು ಹೇಳಹೊರಟಿರುವುದು ಮಾತ್ರ ಊಟದ ವಿಷಯವಲ್ಲ, ಫುಟ್‌ಬಾಲ್ ವಿಷಯ. ಹುಬ್ಬೇರಿಸಬೇಡಿ. ನಾನು ಸೊಸೆಯಾಗಿ ಬಂದ ಮನೆಯಲ್ಲಿ ದೊಡ್ಡ ಭಾವನವರು ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಆಡುತ್ತಿದ್ದವರು. ಅವರಿಗೆ ಕೆಲಸ ಸಿಕ್ಕಿದ್ದೇ ಕಾಲಿನ ಬಲದಿಂದ ಎಂದು ಅತ್ತೆ ಹೇಳುತ್ತಿದ್ದರು. ಆ ಕೆಲಸದಿಂದಲೇ ಮೂವರು ನಾದಿನಿಯರ ಮದುವೆಯಾಯಿತು. ಹೀಗಾಗಿ ನಮ್ಮ ಮನೆಯ ಒಲೆಗೂ ಆ ಚೆಂಡಿಗೂ ಸಂಬಂಧವುಂಟು. ಸಂಜೆ ಕಾಫಿ ಕೊಡಲು ಹೋದಾಗ ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಹೆಸರು ‘ಸಂತೋಷ್ ಟ್ರೋಫಿ’. ಗೆದ್ದವರಿಗೆ ಸಂತೋಷವಾಗುತ್ತದೆಂದು ಹಾಗೆ ಕರೆಯುತ್ತಾರೇನೋ ಎಂದು ಬಹಳ ದಿನ ಅಂದುಕೊಂಡಿದ್ದೆ.

ಅದು ಒಂದು ಊರಿನ ಹೆಸರು. ಬಂಗಾಳದ ಸಂತೋಷ್ ಎಂಬಲ್ಲಿಯ ಮಹಾರಾಜರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧುರಿಯವರ ನೆನಪಿಗೆ 1941ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯವರು ಈ ಕಪ್ಪನ್ನು ಇಟ್ಟರು. ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಊರು ಬೇರೆ ದೇಶಕ್ಕೆ ಹೋದರೂ ಕಪ್ಪು ಇಲ್ಲಿ ಉಳಿಯಿತು. ಇದರಲ್ಲಿ ಆಡುವುದು ಕ್ಲಬ್ಬುಗಳಲ್ಲ, ರಾಜ್ಯಗಳು. ರೈಲ್ವೆ, ಸೈನ್ಯದವರ ತಂಡಗಳೂ ಇರುತ್ತವೆ. ನಮ್ಮ ಮೈಸೂರು ರಾಜ್ಯ ಇದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ನಾಲ್ಕು ಬಾರಿ ಗೆದ್ದಿತು. ನಾಲ್ಕು ಸಲವೂ ಫೈನಲಿನಲ್ಲಿ ಎದುರಾಳಿ ಬಂಗಾಳ. ಇದನ್ನು ಹೇಳುವಾಗ ಭಾವನವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಹುಡುಗರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸಿನ ವಿರುದ್ಧ ಆಡಿ 2-1ರಿಂದ ಸೋತರಲ್ಲ, ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಎಸ್. ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲೂ ಇದ್ದರು, 1952ರಲ್ಲೂ ಇದ್ದರು. 1956ರ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಆಗ ಸಂತೋಷ್ ಟ್ರೋಫಿಯೇ ಮೊದಲ ಪಂಕ್ತಿ. ಅಲ್ಲಿ ಕಣ್ಣಿಗೆ ಬಿದ್ದವನಿಗೆ ದೇಶದ ತಂಡದ ಬಾಗಿಲೂ ತೆರೆಯುತ್ತಿತ್ತು, ಕಾರ್ಖಾನೆಯ ಬಾಗಿಲೂ ತೆರೆಯುತ್ತಿತ್ತು.

ಈಗ ಆ ದಿನಗಳಿಲ್ಲ. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2007ರಲ್ಲಿ ಐ-ಲೀಗ್, 2014ರಲ್ಲಿ ಐಎಸ್‌ಎಲ್. ಆಟಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡುವ ಕ್ಲಬ್ಬು ಅವನನ್ನು ಒಂದು ತಿಂಗಳು ರಾಜ್ಯದ ತಂಡಕ್ಕೆ ಎರವಲು ಕೊಡಲು ಹಿಂದೆಮುಂದೆ ನೋಡಿತು. ಆಟಗಾರನಿಗೂ ತನ್ನ ಮೊಣಕಾಲಿನ ಚಿಂತೆ. ಹತ್ತು ಹನ್ನೆರಡು ವರ್ಷದ ದುಡಿಮೆ ಅವನದು. ಕಪ್ಪಿಗಾಗಿ ಆಡಿ ಕಾಲು ಮುರಿದರೆ ಮನೆ ನಡೆಸುವವರು ಯಾರು? ಹಾಗಾಗಿ ದೊಡ್ಡವರು ಒಬ್ಬೊಬ್ಬರಾಗಿ ಎದ್ದುಹೋದರು. ಅವರನ್ನು ನಾನು ದೂರುವುದಿಲ್ಲ. ಹೆಚ್ಚು ಸಂಬಳದ ಕೆಲಸ ಸಿಕ್ಕಿದಾಗ ನಮ್ಮ ಮಕ್ಕಳು ಊರು ಬಿಡುವುದಿಲ್ಲವೇ? ನಾವೇ ಕುಂಕುಮ ಹಚ್ಚಿ ಕಳಿಸುವುದಿಲ್ಲವೇ?

ನಮ್ಮಲ್ಲಿ ಮಾತ್ರ ಹೀಗಾಗಿದೆ ಎಂದೂ ಅಲ್ಲ. ಈ ಆಟವನ್ನು ನಮಗೆ ಕಲಿಸಿದ ಇಂಗ್ಲೆಂಡಿನಲ್ಲೇ 1871ರಲ್ಲಿ ಆರಂಭವಾದ ಎಫ್‌ಎ ಕಪ್ ಇದೆ. 1999-2000ರಲ್ಲಿ, ಹಿಂದಿನ ವರ್ಷ ಅದನ್ನು ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವೇ ಬ್ರೆಜಿಲಿನಲ್ಲಿ ಬೇರೊಂದು ಪಂದ್ಯಾವಳಿ ಇದೆಯೆಂದು ಈ ಕಪ್ಪಿನಲ್ಲಿ ಆಡಲಿಲ್ಲ. ಸಮಸಮವಾದರೆ ಇನ್ನೊಂದು ದಿನ ಮತ್ತೆ ಆಡುವ ಹಳೆಯ ಪದ್ಧತಿಯೊಂದಿತ್ತು. ಸಣ್ಣ ಊರಿನ ತಂಡ ದೊಡ್ಡ ತಂಡದ ಮೈದಾನಕ್ಕೆ ಹೋಗಿ ಆಡಿ ಟಿಕೆಟ್ಟಿನ ಪಾಲಿನಿಂದ ವರ್ಷದ ಖರ್ಚು ತೂಗಿಸಿಕೊಳ್ಳುತ್ತಿತ್ತು. ಮುಖ್ಯ ಸುತ್ತುಗಳಲ್ಲಿ 2024-25ರಿಂದ ಅದನ್ನೂ ತೆಗೆದುಹಾಕಿದರು. ದೊಡ್ಡವರಿಗೆ ಪುರುಸೊತ್ತಿಲ್ಲ ಎಂಬುದೇ ಕಾರಣ. ನಮ್ಮ ರೋವರ್ಸ್ ಕಪ್ಪಿನ ಕಥೆ ಇನ್ನೂ ಬೇಸರದ್ದು. 1891ರಲ್ಲಿ ಮುಂಬಯಿಯಲ್ಲಿ ಶುರುವಾದ ಅದನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲಿದ್ದ ಕಪ್ಪು ಅದೇ ಮೊದಲ ಬಾರಿಗೆ ಭಾರತೀಯರ ಕೈಗೆ ಬಂದದ್ದು. 2001ರ ಹೊತ್ತಿಗೆ ಆ ಪಂದ್ಯಾವಳಿ ನಿಂತೇಹೋಯಿತು.

ಇಲ್ಲಿಗೆ ನನ್ನ ಪ್ರಶ್ನೆ ಬರುತ್ತದೆ. ದೊಡ್ಡವರು ಎದ್ದುಹೋದ ಪಂಕ್ತಿಗೆ ನಾವು ಏನು ಋಣಿ? ಕೆಲವರು ಹೇಳುತ್ತಾರೆ, ಕಾಲ ಮುಗಿದದ್ದನ್ನು ಎಳೆದಾಡಬಾರದು, ಮರ್ಯಾದೆಯಿಂದ ಮುಗಿಸಬೇಕು ಎಂದು. ಇನ್ನು ಕೆಲವರು ಈಗಲೂ ಅದು ಮೊದಲಿನಷ್ಟೇ ದೊಡ್ಡದು ಎಂದು ಭಾಷಣ ಮಾಡುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಎರಡನೆಯದು ಸುಳ್ಳು. ಒಳ್ಳೆಯ ಆಟಗಾರರು ಹೋದಮೇಲೆ ಆಟದ ಮಟ್ಟ ಇಳಿದೇ ಇಳಿಯುತ್ತದೆ. ಎರಡನೆಯ ಪಂಕ್ತಿಯ ಹೊತ್ತಿಗೆ ಒಬ್ಬಟ್ಟು ಮುಗಿದಿರುವುದೂ ಉಂಟು. ಅದನ್ನು ಮುಚ್ಚಿಟ್ಟು ಹೊಗಳಿದರೆ ಕೂತವರಿಗೇ ಅವಮಾನ. ಹಾಗೆಂದು ಎಲೆ ಎತ್ತಿಬಿಡಿ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಕೂತವರಿಗೆ ಹಸಿವಿದೆ.

ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು ಎಂದರೆ ಊರಿಗೇ ದೊಡ್ಡ ಮನುಷ್ಯ. ಪಂಚಾಯಿತಿ ಮಾತಿಗೂ ಅವರೇ ಬೇಕು, ಕಾಗದ ಓದಿಸಲೂ ಅವರೇ ಬೇಕು. ಗಂಡಸರಿಗೆ ಬೇರೆ ಬೇರೆ ನೌಕರಿಗಳು ಸಿಕ್ಕು ಅವರು ಅತ್ತ ಹೋದಹಾಗೆ ಆ ಜಾಗಕ್ಕೆ ನಾವು ಬಂದೆವು. ನಾನೂ ಇಪ್ಪತ್ತಾರು ವರ್ಷ ಟೀಚರಾಗಿದ್ದವಳು. ‘ಓ, ಟೀಚರಾ? ಹೆಂಗಸರಿಗೆ ಸರಿಯಾದ ಕೆಲಸ ಬಿಡಿ’ ಎನ್ನುವ ಮಾತಿನಲ್ಲಿ ಎಷ್ಟು ಗೌರವ ಕಡಿತವಾಗಿದೆ ಎಂಬುದು ಕೇಳಿದವರಿಗೆ ಗೊತ್ತು. ಆದರೆ ಒಂದನೆಯ ತರಗತಿಯ ಮಗುವಿಗೆ ‘ಅ’ ಕಲಿಯುವ ಕಷ್ಟ ಮೇಷ್ಟ್ರ ಕಾಲದಲ್ಲಿ ಎಷ್ಟಿತ್ತೋ ನನ್ನ ಕಾಲದಲ್ಲೂ ಅಷ್ಟೇ ಇತ್ತು. ಮರ್ಯಾದೆ ಇಳಿಯಿತೆಂದು ಕೆಲಸ ಇಳಿಯಲಿಲ್ಲ. ಮರ್ಯಾದೆ ಎನ್ನುವುದು ಕೂತವರನ್ನು ನೋಡಿ ಹಾಕುವ ಲೆಕ್ಕ. ಅಗತ್ಯ ಎನ್ನುವುದು ಬೇರೆಯೇ ಲೆಕ್ಕ.

ಮರ್ಯಾದೆಯೇ ಇಲ್ಲದೆ ಆರಂಭವಾದ ಆಟವೂ ಇದೆ. ಹೆಣ್ಣುಮಕ್ಕಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ 1990ರ ದಶಕದ ಆರಂಭದಿಂದ ನಡೆದುಬಂದಿದೆ. ಅದಕ್ಕೆ ಕಳೆದುಕೊಳ್ಳಲು ಹಳೆಯ ವೈಭವವೂ ಇರಲಿಲ್ಲ, ಎದ್ದುಹೋಗಲು ದೊಡ್ಡವರೂ ಇರಲಿಲ್ಲ. ಮಣಿಪುರದ ಹುಡುಗಿಯರು ಅದನ್ನು ಗೆದ್ದಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ. ಅವರಲ್ಲೊಬ್ಬರಾದ ಬೆಂಬೆಂ ದೇವಿಯವರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2017ರಲ್ಲಿ, ಪದ್ಮಶ್ರೀ ಬಂದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಅವರು ಆಡಬೇಕಾದ ಆಟವನ್ನೆಲ್ಲ ಆಡಿ ಮುಗಿಸಿದ್ದರು. ನೋಡುವವರಿಲ್ಲ ಎಂದು ಅವರು ಮೊದಲೇ ಮನೆಯಲ್ಲಿ ಕೂತಿದ್ದರೆ?

ಹೋದ ವರ್ಷ ನಮ್ಮ ಬೀದಿಯ ಹೂವಿನಾಕೆ ಒಂದು ಸಂಜೆ ಬುಟ್ಟಿ ಇಳಿಸಿ, ‘ಅಮ್ಮಾ, ಒಂದು ಮಾತು ಕೇಳಬೇಕಿತ್ತು’ ಎಂದಳು. ಅವಳ ಎರಡನೆಯ ಮಗ ಚೆಂಡಾಡುವವನು. ರಾಜ್ಯದ ತಂಡ ಆರಿಸುವ ಶಿಬಿರಕ್ಕೆ ಬಾ ಎಂದು ಕರೆ ಬಂದಿತ್ತು. ಅವನು ಕಂಟ್ರಾಕ್ಟಿನ ಮೇಲೆ ಒಂದು ಕಡೆ ಕೆಲಸಕ್ಕಿದ್ದ. ರಜೆ ಕೊಡುವುದಿಲ್ಲ, ಹೋಗುವುದಾದರೆ ಲೆಕ್ಕ ತೀರಿಸಿಕೊಂಡು ಹೋಗು ಎಂದಿದ್ದರಂತೆ. ‘ಆ ಕಪ್ಪಿಗೆ ಈಗ ಬೆಲೆಯಿಲ್ಲ ಅಂತಾರಲ್ಲಮ್ಮ. ಟಿವಿಯಲ್ಲೂ ಸರಿಯಾಗಿ ತೋರಿಸಲ್ಲವಂತೆ. ಹೋಗು ಅನ್ನಲೋ, ಬೇಡ ಅನ್ನಲೋ?’

ನನಗೆ ಗೊತ್ತಿದ್ದುದನ್ನೆಲ್ಲ ಅವಳ ಮುಂದೆ ಇಟ್ಟೆ. 2018ರಲ್ಲಿ ಕೇರಳ ಗೆದ್ದಾಗ ಕೆಲಸವಿಲ್ಲದ ಆಟಗಾರರಿಗೆ ಅಲ್ಲಿನ ಸರ್ಕಾರ ನೌಕರಿ ಕೊಟ್ಟದ್ದು. 2024ರ ಕೊನೆಯ ದಿನ ಹೈದರಾಬಾದಿನಲ್ಲಿ ಕೇರಳವನ್ನು ಸೋಲಿಸಿ ಬಂಗಾಳ 33ನೆಯ ಸಲ ಗೆದ್ದಾಗ ಆ ಸರ್ಕಾರವೂ ಹುಡುಗರಿಗೆ ಕೆಲಸ ಘೋಷಿಸಿದ್ದು. ನಮ್ಮವರು 54 ವರ್ಷಗಳ ನಂತರ 2023ರ ಮಾರ್ಚಿಯಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ಪು ತಂದದ್ದನ್ನೂ ಹೇಳಿದೆ. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಈ ಮೂರು ಹೆಸರನ್ನು ನಮ್ಮ ಮಹಿಳಾ ಸಮಾಜದಲ್ಲಿ ಕೇಳಿದಾಗ ಒಬ್ಬರಿಗೂ ಗೊತ್ತಿರಲಿಲ್ಲ, ಅದನ್ನೂ ಮುಚ್ಚಿಡಲಿಲ್ಲ. ಗೆದ್ದರೆ ಹೀಗೆ, ಗೆಲ್ಲದಿದ್ದರೆ ಏನೂ ಇಲ್ಲದಿರಬಹುದು, ಆರಿಸದೆಯೂ ಇರಬಹುದು ಎಂದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ: ‘ಅಲ್ಲಿ ಊಟ, ಬೂಟು ಅವರೇ ಕೊಡುತ್ತಾರಾ ಅಮ್ಮ?’

ಕಪ್ಪಿನ ಮರ್ಯಾದೆಯ ಬಗ್ಗೆ ಕ್ರೀಡಾಪುಟಗಳಲ್ಲಿ ನಡೆಯುವ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ನಾನು ಓದಿದ್ದು ಕಡಿಮೆ. ದೊಡ್ಡ ಆಟಗಾರರನ್ನು ಹೇಗೆ ಮರಳಿ ತರುವುದು, ಹೊಳಪು ಹೇಗೆ ಕೊಡುವುದು ಎಂಬುದೇ ಅಲ್ಲಿಯ ಚಿಂತೆ. ರಿಯಾದಿಗೆ ಫೈನಲನ್ನು ಒಯ್ದದ್ದೂ ಹೊಳಪಿಗಾಗಿಯೇ ಇರಬೇಕು. ಅದಕ್ಕಿಂತ ಹಿಂದಿನ ವರ್ಷ, 2022ರ ಮೇ 2ರಂದು, ಫೈನಲ್ ಕೇರಳದ ಮಂಜೇರಿಯಲ್ಲಿ ಆಗಿತ್ತು. ಅದು ಮಲಪ್ಪುರಂ ಜಿಲ್ಲೆಯ ಒಂದು ಪಟ್ಟಣ. ಈದ್‌ನ ಹಿಂದಿನ ರಾತ್ರಿ, ಹೆಸರಾಂತರು ಯಾರೂ ಇಲ್ಲದ ಆ ಪಂದ್ಯ ನೋಡಲು ಜನ 25 ಸಾವಿರಕ್ಕೂ ಮೀರಿ ಬಂದಿದ್ದರು. ಕೇರಳ ಪೆನಾಲ್ಟಿಯಲ್ಲಿ ಬಂಗಾಳವನ್ನು ಸೋಲಿಸಿತು. ಬಡಿಸುವವರು ಮುಖ ನೋಡದೆ ಬಡಿಸಿದರೆ ಎರಡನೆಯ ಪಂಕ್ತಿಗೂ ಕಳೆ ಬರುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲ ಪಂಕ್ತಿಯೂ ಶಾಶ್ವತವಲ್ಲ ಎನ್ನುವುದನ್ನು ಕಾಲವೇ ತೋರಿಸಿದೆ. 2025ರಲ್ಲಿ ಒಪ್ಪಂದದ ತಕರಾರಿನಿಂದ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಕೆಲವು ಕ್ಲಬ್ಬುಗಳು ಸಂಬಳವನ್ನೇ ತಡೆಹಿಡಿದವು. ನಿನ್ನೆ ಬೆಳ್ಳಿ ತಟ್ಟೆಯಲ್ಲಿ ಉಂಡವರು ಇಂದು ಎಲೆಗಾಗಿ ಕಾದು ನಿಂತರು. ಇದನ್ನು ಸಂತೋಷದಿಂದ ಹೇಳುತ್ತಿಲ್ಲ, ಅವರದ್ದೂ ಹೊಟ್ಟೆಯೇ. ಮರ್ಯಾದೆಯನ್ನು ನಂಬಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಎಷ್ಟು ಅಪಾಯ ಎಂದಷ್ಟೇ ನನ್ನ ಮಾತು.

ಹಾಗಾದರೆ ನಾವು ಋಣಿಯಾಗಿರುವುದು ಏನಕ್ಕೆ? ಹಳೆಯ ಹೆಸರಿಗಲ್ಲ, ಬೆಳ್ಳಿಯ ಬಟ್ಟಲಿಗೂ ಅಲ್ಲ. ಈಗ ಎಲೆಯ ಮುಂದೆ ಕೂತಿರುವವರಿಗೆ. ದೊಡ್ಡವರು ಆಡುವಾಗ ಎಲ್ಲವೂ ತಾನಾಗಿ ನಡೆಯುತ್ತದೆ. ಜಾಹೀರಾತಿನವರು ಬರುತ್ತಾರೆ, ಮೈದಾನದ ಹುಲ್ಲಿಗೆ ನೀರು ಬೀಳುತ್ತದೆ. ಅವರು ಹೋದಮೇಲೆ ನಡೆಸುವವರ ಹೊಣೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ರೈಲಿನಲ್ಲಿ ಮಲಗಿ ಹೋಗಲು ಒಂದು ಜಾಗ, ಕಾಲಿಗೆ ಸರಿಯಾದ ಬೂಟು, ಹೊಟ್ಟೆ ತುಂಬ ಊಟ, ಪೆಟ್ಟು ಬಿದ್ದರೆ ನೋಡಿಕೊಳ್ಳುವ ಡಾಕ್ಟರು, ಮಾರನೆಯ ದಿನದ ಪತ್ರಿಕೆಯಲ್ಲಿ ತಪ್ಪಿಲ್ಲದೆ ಅಚ್ಚಾದ ಹೆಸರು. ಇಷ್ಟನ್ನು ಕೊಡಲು ಯಾವ ವೈಭವವೂ ಬೇಡ.

ಹುಡುಗ ಶಿಬಿರಕ್ಕೆ ಹೋದ. ಕೊನೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಬಂದಮೇಲೆ ಬೇರೊಂದು ಕಡೆ ಕೆಲಸಕ್ಕೆ ಸೇರಿದ್ದಾನೆ, ಮೊದಲಿಗಿಂತ ಸ್ವಲ್ಪ ಕಡಿಮೆ ಸಂಬಳಕ್ಕೆ. ಭಾನುವಾರ ಬೆಳಿಗ್ಗೆ ಹೈಸ್ಕೂಲು ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಚೆಂಡು ಕಲಿಸುತ್ತಾನೆ. ಅವರಲ್ಲಿ ನಾಲ್ವರು ಹುಡುಗಿಯರು. ಅವನ ತಾಯಿ ಇದನ್ನು ನಷ್ಟವೆಂದೂ ಹೇಳಿಲ್ಲ, ಲಾಭವೆಂದೂ ಹೇಳಿಲ್ಲ. ಶಿಬಿರದಲ್ಲಿ ಊಟ ಚೆನ್ನಾಗಿತ್ತಂತೆ ಎಂದು ಮಾತ್ರ ಹೇಳಿದಳು.