ಎಲ್ಲಿ ತಾಮಸ?

2025ರ ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆಂದು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರಕ್ಕೆ ಹೋಗಿದ್ದೆವು. ಅಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಸೆತ್ ಎಂಬ ಊರು. ಮೆಡಿಟರೇನಿಯನ್ ಸಮುದ್ರದ ಒಂದು ಮೀನುಗಾರಿಕೆಯ ಬಂದರು. "ಕಡಲ ಕರೆಯವರು ಕಡಲು ಕಾಣದೆ ಎಷ್ಟು ದಿನ ಇರುತ್ತೀರಿ ಅಪ್ಪಾ? ಮೂರು ರಾತ್ರಿ ಅಲ್ಲಿ ಉಳಿದು ಬರೋಣ" ಎಂದಳು ಮಗಳು. ಎಲ್ಲಿ ಉಳಿಯುವುದೆಂಬ ಪ್ರಶ್ನೆ ಊಟದ ಮೇಜಿಗೆ ಬಂದುದು ಹಾಗೆ. ಅದು ನನ್ನನ್ನು ಇಷ್ಟು ದಿನ ಕಾಡೀತೆಂದು ಆಗ ತಿಳಿದಿರಲಿಲ್ಲ.

ಮಗಳು ಮೂರು ಜಾಗ ಹುಡುಕಿಟ್ಟಿದ್ದಳು. ಊರಿನಿಂದಾಚೆ ಮರಳ ದಂಡೆಯ ಬದಿಯ ರಜಾಕಾಲದ ಫ್ಲಾಟುಗಳನ್ನು ಮೂವರೂ ಒಂದೇ ಮಾತಿನಲ್ಲಿ ಬಿಟ್ಟೆವು. ಇನ್ನೊಂದು, ಊರ ನಡುವೆ ಹರಿಯುವ ಕಾಲುವೆಯ ಕಟ್ಟೆಯ ಮೇಲಿನ ಹಳೆಯ ಹೊಟೇಲು. ಕೋಣೆ ಚಿಕ್ಕದು, ಬಾಡಿಗೆ ಹೆಚ್ಚು. ಮತ್ತೊಂದು, ಗುಡ್ಡದ ಇಳಿಜಾರಿನಲ್ಲಿ ಹಿಂದೆ ಮೀನುಗಾರರೇ ತುಂಬಿದ್ದ 'ಮೇಲಿನ ಕೇರಿ'ಯಲ್ಲಿ ಒಂದು ಇಡೀ ಮನೆ. ಎರಡು ಕೋಣೆ, ಅಡುಗೆಮನೆ, ಗೋಡೆಯಲ್ಲಿ ಅಲಂಕಾರಕ್ಕೆ ತೂಗುಹಾಕಿದ ಬಲೆ. ಊರಿನವರ ಹಾಗೆಯೇ ಇದ್ದು ಹೋಗಿ ಎಂಬರ್ಥದ ಒಕ್ಕಣೆ. ಹೊಟೇಲಿಗಿಂತ ಅಗ್ಗ ಬೇರೆ. ಅಡುಗೆಮನೆ ಎಂದ ಕೂಡಲೇ ಹೆಂಡತಿಯ ಮತ ಅತ್ತ ಬಿತ್ತು. ಗಂಜಿಯಿಲ್ಲದೆ ಮೂರು ದಿನ ಕಳೆಯುವುದು ಆಕೆಗೆ ಉಪವಾಸಕ್ಕೆ ಸಮ. ನನ್ನ ಮತವೂ ಅದಕ್ಕೇ, ಕಾರಣ ಮಾತ್ರ ಬೇರೆ. ಹೊಟೇಲಿನಲ್ಲಿಳಿದು ಫೋಟೋ ತೆಗೆದು ಹೋಗುವ ಪ್ರವಾಸಿಗಳೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೋದಲ್ಲಿ ಜನರ ನಡುವೆ ಇರಬೇಕು, ಅವರ ಜಗಲಿಯಲ್ಲಿ ಕುಳಿತು ಮಾತಾಡಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ನಾನು.

ಹಣ ಕಟ್ಟುವ ಮೊದಲು ಒಮ್ಮೆ ನೋಡಿ ಬರೋಣವೆಂದೆ. ಆ ಭಾನುವಾರ ಹೋದೆವು.

ಸೆತ್ ಹಳೆಯ ಊರೇನೂ ಅಲ್ಲ. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, ತುಲೂಸಿನಿಂದ ಬರುವ ದೊಡ್ಡ ಕಾಲುವೆಗೆ ಸಮುದ್ರದ ಬಾಗಿಲು ಬೇಕಾಗಿ, 1666ರಲ್ಲಿ ಇಲ್ಲಿ ಬಂದರಿನ ಕಲ್ಲು ಹಾಕಿದರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಮ್ಮ ಕಾಯಲಿನಂಥ 'ತೋ' ಎಂಬ ಉಪ್ಪುನೀರಿನ ಹರವು, ನಡುವೆ ಒಂದು ಗುಡ್ಡ. ಆ ಕಾಯಲಿನಲ್ಲಿ ಇಂದಿಗೂ ಸಿಂಪಿ ಬೆಳೆಸುತ್ತಾರೆ. ಜನರೆಲ್ಲ ಬೇರೆ ಬೇರೆ ಕಡೆಯಿಂದ ಬಂದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಗಯೇತಾ, ಚೆತಾರಾ ಎಂಬ ಊರುಗಳಿಂದ ಮೀನುಗಾರರು ಸಂಸಾರ ಸಮೇತ ಬಂದು ಮೇಲಿನ ಕೇರಿಯಲ್ಲಿ ನೆಲೆ ನಿಂತರು. ಅವರು ತಂದ, ಅಷ್ಟಪಾದಿ ಮೀನು ತುಂಬಿದ ರೊಟ್ಟಿಯಂಥ 'ತಿಯೆಲ್' ಈಗ ಊರಿನ ಹೆಮ್ಮೆಯ ತಿಂಡಿ. ಹಾಗಾಗಿ ಹೊರಗಿನವರು ಬಂದರೆಂಬುದೇ ಅಲ್ಲಿ ದೂರಾಗಲಾರದು. ದೂರುವವರ ಅಜ್ಜನೂ ದೋಣಿಯಲ್ಲಿ ಬಂದವನೇ.

1940ರಲ್ಲಿ ಯುದ್ಧಕ್ಕೆ ಹೆದರಿ ಬೆಲ್ಜಿಯಮ್ಮಿನಿಂದ ಓಡಿಬಂದ ಒಂದು ಕುಟುಂಬ ಈ ಊರಿನಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು ಉಳಿಯಿತು. ಆ ಮನೆಯ ಹನ್ನೆರಡು ವರ್ಷದ ಹುಡುಗಿ ಆನ್ಯೆಸ್ ವಾರ್ದಾ. 1954ರಲ್ಲಿ ಆಕೆ ತನ್ನ ಮೊದಲ ಚಲನಚಿತ್ರವನ್ನು ಇಲ್ಲಿಯೇ, ಕಾಯಲಿನ ತುದಿಯ 'ಪ್ವಾಂತ್ ಕೂರ್ತ್' ಎಂಬ ಬೆಸ್ತರ ಕೇರಿಯಲ್ಲಿ ತೆಗೆದಳು. ಮೀನುಗಾರರ ಪಾತ್ರದಲ್ಲಿ ಆ ಕೇರಿಯ ಮೀನುಗಾರರೇ ಇದ್ದಾರೆ. ಚಿಪ್ಪುಮೀನು ಹೆಕ್ಕಬಾರದೆಂದು ಬರುವ ಅಧಿಕಾರಿಗಳೊಡನೆ ಅವರ ಜಗಳವಿದೆ. ಅವಳು ನೋಡಲು ಬಂದವಳಲ್ಲ, ಇರಲು ಬಂದವಳು. ಆಮೇಲೆ ನೋಡಿದಳು.

ಎಲ್ಲಿ ಉಳಿಯಬೇಕೆಂಬ ಮಾತಿಗೆ ಈ ಊರಿನ ಇಬ್ಬರು ಕವಿಗಳ ಗೋರಿಗಳೂ ಸೇರುತ್ತವೆ. ಇಲ್ಲಿಯೇ ಹುಟ್ಟಿದ ಪೊಲ್ ವಾಲೆರಿಯನ್ನು 1945ರಲ್ಲಿ ಸಮುದ್ರಕ್ಕೆ ಮುಖಮಾಡಿದ ಗುಡ್ಡದ ಸ್ಮಶಾನದಲ್ಲಿ ಮಣ್ಣುಮಾಡಿದರು. ಆ ಸ್ಮಶಾನದ ಮೇಲೆಯೇ ಆತ 1920ರಲ್ಲಿ ಪ್ರಸಿದ್ಧ ಕವಿತೆ ಬರೆದಿದ್ದ. ಹಾಡುಗಾರ ಜಾರ್ಜ್ ಬ್ರಾಸಾನ್ಸ್, ಅವನ ತಾಯಿಯೂ ಇಟಲಿಯ ಮೂಲದವಳೇ, ತನ್ನನ್ನು ಸೆತ್‌ನ ಮರಳಿನಲ್ಲಿ ಹೂಳಬೇಕೆಂದು 1966ರಲ್ಲಿ ಹಾಡು ಕಟ್ಟಿದ. 1981ರಲ್ಲಿ ಅವನಿಗೆ ಸಿಕ್ಕಿದ್ದು ಮರಳ ದಂಡೆಯಲ್ಲ, ಕಾಯಲಿನ ಬದಿಯಲ್ಲಿ ಬಡವರ ಸ್ಮಶಾನವೆಂದು ಹೆಸರಾದ ಜಾಗ. ಅಲ್ಲಿ ನಾವು ಸ್ವಲ್ಪ ಹೊತ್ತು ನಿಂತೆವು. ಸತ್ತವನಿಗೂ ಕೇಳಿದ ಜಾಗ ಸಿಗುವುದಿಲ್ಲವಲ್ಲ ಎಂದು ಹೆಂಡತಿ ಮರುಗಿದಳು.

ಮಧ್ಯಾಹ್ನ ಮೇಲಿನ ಕೇರಿಗೆ ಹತ್ತಿದೆವು. ಇಕ್ಕಟ್ಟಾದ ಕಡಿದಾದ ಓಣಿಗಳು. ನಾವು ನೋಡಲು ಬಂದ ಮನೆಯ ಬಾಗಿಲ ಪಕ್ಕದಲ್ಲಿ ಬೀಗದಕೈ ಇಡುವ ಪುಟ್ಟ ಉಕ್ಕಿನ ಡಬ್ಬಿ. ಅಂಕೆಗಳನ್ನು ತಿರುಗಿಸಿದರೆ ತೆರೆಯುವಂಥದು. ಮನೆಯವರ ಮುಖ ನೋಡುವ ಅಗತ್ಯವೇ ಇಲ್ಲ. ಪಕ್ಕದ ಬಾಗಿಲಲ್ಲೂ ಅಂಥದೇ ಡಬ್ಬಿ, ಎದುರಿನದರಲ್ಲೂ. ಜಗಲಿ ಎಲ್ಲಿಂದ ಬರಬೇಕು? ಎರಡು ಮನೆಯಾಚೆ ಒಬ್ಬ ಮುದುಕಿ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಿದ್ದಳು. ಮಗಳು ಫ್ರೆಂಚಿನಲ್ಲಿ ಮಾತಾಡಿಸಿ ನಮಗೆ ಹೇಳುತ್ತ ಬಂದಳು. ಗಂಡ ದೋಣಿಗೆ ಹೋಗುತ್ತಿದ್ದನಂತೆ. ನಸುಕಿನ ಮೂರು ಗಂಟೆಗೆ ಈ ಓಣಿಯಲ್ಲಿ ಬಾಗಿಲುಗಳು ಒಂದಾದ ಮೇಲೊಂದು ತೆರೆಯುವ ಸದ್ದು ಕೇಳುತ್ತಿತ್ತಂತೆ. "ಈಗ ಜನ ಚೆನ್ನಾಗಿಯೇ ಇದ್ದಾರೆ, ನಮಸ್ಕಾರ ಹೇಳುತ್ತಾರೆ. ಆದರೆ ವಾರಕ್ಕೊಂದು ಮುಖ. ಚಳಿಗಾಲದಲ್ಲಿ ಬಂದು ಎಷ್ಟು ಕಿಟಕಿಗಳಲ್ಲಿ ದೀಪವಿದೆ ಎಣಿಸಿ ನೋಡಿ" ಎಂದಳು. ನಾನು ತಲೆದೂಗುತ್ತಿರುವಾಗಲೇ ಇನ್ನೊಂದು ಮಾತನ್ನೂ ಸೇರಿಸಿದಳು: ತನ್ನ ತಂಗಿಯೂ ಆಗಸ್ಟ್ ತಿಂಗಳು ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ, ಆ ಹಣದಿಂದಲೇ ಮಾಡು ರಿಪೇರಿಯಾಯಿತು.

ಕೆಳಗಿಳಿಯುವಾಗ ನಾನು ಸುಮ್ಮನಿದ್ದುದನ್ನು ಕಂಡು ಮಗಳು ಹೇಳಿದಳು: "ಅಪ್ಪಾ, ನಾವು ಹೋಗದಿದ್ದರೆ ಆ ಮನೆ ಮೀನುಗಾರರಿಗೇನೂ ಸಿಗುವುದಿಲ್ಲ. ನಾವಲ್ಲದಿದ್ದರೆ ಬೇರೆಯವರು ಬರುತ್ತಾರೆ."

ಆ ಮಾತು ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ನಾನೇ ಆಡಿದ್ದೆ.

ಬೇಕಲದ ಕೋಟೆಯ ಆಸುಪಾಸನ್ನು ಕೇಂದ್ರ ಸರಕಾರ 1992ರಲ್ಲಿ ವಿಶೇಷ ಪ್ರವಾಸಿ ಪ್ರದೇಶವೆಂದು ಸಾರಿದ್ದು ಓದುಗರಿಗೆ ಗೊತ್ತೇ ಇದೆ. ಅಲ್ಲಿಗೆ ಹೆಚ್ಚು ದೂರವಲ್ಲದ ಕಡಪ್ಪುರದಲ್ಲಿ ನಮ್ಮ ಕುಟುಂಬದ ಹಿತ್ತಿಲಿದೆ. ಅದರ ಕಡಲ ಬದಿಯ ಬಿಡಾರದಲ್ಲಿ ಒಂದು ಮೀನುಗಾರರ ಸಂಸಾರ ಹತ್ತೊಂಬತ್ತು ವರ್ಷ ಬಾಡಿಗೆಗಿತ್ತು. ಬಾಡಿಗೆ ತಪ್ಪಿಸಿದವರಲ್ಲ. 2022ರಲ್ಲಿ ಅಣ್ಣ ಒಂದು ಲೆಕ್ಕ ತೋರಿಸಿದ: ಅದನ್ನೇ ಸ್ವಲ್ಪ ತಿದ್ದಿ, ನೆಲಕ್ಕೆ ಟೈಲ್ಸ್ ಹಾಕಿ ಹೋಂಸ್ಟೇ ಮಾಡಿದರೆ ತಿಂಗಳ ಬಾಡಿಗೆ ಎರಡು ರಾತ್ರಿಯಲ್ಲಿ ಬರುತ್ತದೆ. ನನ್ನ ಸಹಿ ಬೇಕಿತ್ತು. ಹೆಂಡತಿ ಬೇಡವೆಂದಳು. "ನಾವು ಮಾಡದಿದ್ದರೆ ಪಕ್ಕದವರು ಮಾಡುತ್ತಾರೆ" ಎಂದು ನಾನು ಸಹಿ ಹಾಕಿದೆ. ಅವರು ಸಾಮಾನು ಏರಿಸುವ ದಿನ ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: "ಇನಿ ಎವಿಡೆಯಾ ತಾಮಸಂ?" ಇನ್ನು ಎಲ್ಲಿ ವಾಸ ಎಂದು. ಒಳನಾಡಿನ ಒಂದು ಊರಿನ ಹೆಸರು ಹೇಳಿದ. ಆರು ಕಿಲೋಮೀಟರ್. "ದೋಣಿ ಇಲ್ಲಿ, ನಾನು ಅಲ್ಲಿ, ಮಾಷೇ" ಎಂದು ನಕ್ಕ. ರಾತ್ರಿ ಮಲಗಿದಲ್ಲಿಂದಲೇ ಕಡಲಿನ ಸದ್ದು ಕೇಳಿ ನಾಳೆ ಇಳಿಯಬಹುದೋ ಬಾರದೋ ಎಂದು ತಿಳಿಯುತ್ತಿದ್ದವನು ಅವನು.

ಮಲೆಯಾಳದ ಈ 'ತಾಮಸಂ' ನಮ್ಮ ಮನೆಯ ಕನ್ನಡದಲ್ಲೂ ಸೇರಿಹೋಗಿದೆ. ವಾಸವೆಂದೂ ತಡವೆಂದೂ ಅಲ್ಲಿ ಒಂದೇ ಪದ. ಕನ್ನಡದಲ್ಲಿ ತಡವೆಂಬ ಅರ್ಥ ಮಾತ್ರ ಉಳಿಯಿತು. ಗಯೇತಾದವರು ಸೆತ್‌ನಲ್ಲಿ ಮಾಡಿದ್ದು ಎರಡೂ ಅರ್ಥದ ತಾಮಸ: ಬಂದರು, ತಡಮಾಡಿದರು, ಊರೇ ಆದರು. ಕನ್ನಡಿಗರಾದ ನಮ್ಮ ಹಿರಿಯರೂ ಈ ನೆಲದಲ್ಲಿ ಹಾಗೆ ತಲೆಮಾರುಗಟ್ಟಲೆ ತಡಮಾಡಿದವರೇ. ಮೂರು ರಾತ್ರಿಯವನಿಗೆ ತಡಮಾಡಲು ಪುರುಸೊತ್ತಿಲ್ಲ, ಅದು ಅವನ ತಪ್ಪೂ ಅಲ್ಲ. ಆದರೆ ತಡಮಾಡುವವನ ಜಾಗದಲ್ಲಿ ಅವನು ಮಲಗಬಹುದೆ? ಮೀನುಗಾರರನ್ನು ಹತ್ತಿರದಿಂದ ನೋಡುವ ಆಸೆಯಿಂದ ಮೀನುಗಾರನ ಮಂಚವನ್ನೇ ಬಾಡಿಗೆಗೆ ಹಿಡಿಯುವುದು ಎಂಥ ಪ್ರೀತಿ? ನಾನು ತಾತ್ಸಾರ ಮಾಡುತ್ತಿದ್ದ ಹೊಟೇಲಿನ ಪ್ರವಾಸಿ ಯಾರ ಮಂಚವನ್ನೂ ಹಿಡಿದವನಲ್ಲ. ಹೊಟೇಲೆಂದರೆ ನಮ್ಮ ಹಳೆಯ ಛತ್ರದ ಹಾಗೆ, ಬಂದುಹೋಗುವವರಿಗೆಂದೇ ಕಟ್ಟಿದ್ದು.

ಇದೆಲ್ಲ ಇಷ್ಟು ಸರಳವಲ್ಲ ಎಂದು ಮಗಳು ವಾದಿಸಿದಳು, ಅವಳ ಮಾತಿನಲ್ಲಿ ಹುರುಳಿತ್ತು. ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ಮೀನು ಕಡಿಮೆಯಾದುದರಿಂದ ಐರೋಪ್ಯ ಒಕ್ಕೂಟವು 2020ರಿಂದ ಟ್ರಾಲ್ ದೋಣಿಗಳು ಕಡಲಿಗಿಳಿಯುವ ದಿನಗಳನ್ನೇ ಕಡಿತ ಮಾಡುತ್ತ ಬಂದಿದೆ. ಕೇರಿ ಖಾಲಿಯಾದುದಕ್ಕೆ ಅತಿಥಿಯೊಬ್ಬನೇ ಕಾರಣನಲ್ಲ. ಹೊಟೇಲಿನ ಲಾಭ ಯಾವ ಊರಿಗೆ ಹೋಗುತ್ತದೋ ಯಾರು ಬಲ್ಲರು? ಮುದುಕಿಯ ತಂಗಿಗಾದರೆ ಹಣ ನೇರವಾಗಿ ಕೈಗೆ ಬರುತ್ತದೆ. ಫ್ರಾನ್ಸಿನ ಕಾನೂನೂ ಇಲ್ಲೊಂದು ಗೆರೆ ಎಳೆದಿದೆ. ತಾನು ವಾಸಿಸುವ ಮನೆಯನ್ನು ಪ್ರವಾಸಿಗಳಿಗೆ ವರ್ಷಕ್ಕೆ 120 ದಿನ ಕೊಡಬಹುದೆಂದಿದ್ದುದನ್ನು, ಬೇಕಾದರೆ 90ಕ್ಕೆ ಇಳಿಸುವ ಅಧಿಕಾರವನ್ನು 2024ರ ನವೆಂಬರಿನ ಕಾನೂನು ಆಯಾ ಊರಿನ ಆಡಳಿತಕ್ಕೆ ಕೊಟ್ಟಿತು. ಮನೆಯವರು ಇರುವ ಮನೆ ಬೇರೆ, ಬರಿದಾದ ಮನೆ ಬೇರೆ ಎಂದು ಅದರ ಭಾವ. ತಂಗಿಯ ಮಹಡಿಯ ಕೋಣೆ ಸಿಕ್ಕಿದ್ದರೆ ನಾನು ಸಂತೋಷದಿಂದ ಅಲ್ಲಿಗೇ ಹೋಗುತ್ತಿದ್ದೆ. ಅದು ಆಗಸ್ಟಿಗೆ ಮಾತ್ರ.

ಆದರೆ ಬೇರೆಯವರು ಬರುತ್ತಾರೆಂಬ ಮಾತನ್ನು ಮಾತ್ರ ನನಗೆ ಒಪ್ಪಲಾಗಲಿಲ್ಲ. ಲೆಕ್ಕದಲ್ಲಿ ಅದು ಸರಿ. ಆ ಲೆಕ್ಕದಂತೆ ಕಡಪ್ಪುರದ ಬಿಡಾರವನ್ನು ಬಿಡಿಸಿದವರು ಯಾರೂ ಅಲ್ಲ. ಪಕ್ಕದವರು ಮಾಡುವುದಿದ್ದುದನ್ನು ನಾವು ಮಾಡಿದೆವು, ಅಷ್ಟೇ. ಪಕ್ಕದವರು ಮಾಡಲಿಲ್ಲ ಎಂಬುದು ಬೇರೆ ಮಾತು. ಅವರ ಬಾಡಿಗೆಯವರು ಇಂದಿಗೂ ಅಲ್ಲೇ ಇದ್ದಾರೆ.

ಹೊಟೇಲಿನಲ್ಲಿಯೇ ಉಳಿದೆವು. ಖರ್ಚು ಹೆಚ್ಚಾಯಿತೆಂದು ಮಗಳು ಒಂದು ದಿನ ಮುನಿಸಿಕೊಂಡಿದ್ದಳು. ಹೆಂಡತಿ ಮೊಂಪೆಲಿಯೆಯಿಂದ ಪುಟ್ಟ ಕರೆಂಟಿನ ಕುಕ್ಕರನ್ನು ಸೀರೆಗಳ ನಡುವೆ ಇಟ್ಟು ತಂದಳು. ಕೋಣೆಯ ನಿಯಮಗಳ ಹಾಳೆ ಫ್ರೆಂಚಿನಲ್ಲಿತ್ತು, ನಮಗೆ ಫ್ರೆಂಚ್ ಬಾರದು. ಮಧ್ಯಾಹ್ನ ಮೂರು ಕಳೆದ ಮೇಲೆ ಟ್ರಾಲ್ ದೋಣಿಗಳು ಬೆನ್ನ ಹಿಂದೆ ಕಡಲಕಾಗೆಗಳ ಹಿಂಡು ಕಟ್ಟಿಕೊಂಡು ಬಂದರಿಗೆ ಬರುವುದನ್ನು ಕಟ್ಟೆಯಲ್ಲಿ ನಿಂತು ನೋಡುತ್ತಿದ್ದೆವು. ಯಾರ ಜಗಲಿಯಲ್ಲೂ ಕುಳಿತುಕೊಳ್ಳಲಿಲ್ಲ. ಪ್ರವಾಸಿಗಳ ಹಾಗೆ ಫೋಟೋ ತೆಗೆದೆವು.

ಊರಿಗೆ ಬಂದದ್ದು ಆಟಿ ತಿಂಗಳಿನಲ್ಲಿ. ಕಡಪ್ಪುರದ ಬಿಡಾರಕ್ಕೆ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ, ಬೀಗ ಹಾಕಿತ್ತು. ನಾನು ಬಸ್ಸು ಹತ್ತಿ ಆ ಒಳನಾಡಿನ ಊರಿಗೆ ಹೋದೆ. ಮರಳಿ ಬರುತ್ತೀರಾ, ಹಳೆಯ ಬಾಡಿಗೆಗೇ ಆಗಲಿ ಎಂದು ಕೇಳಿದೆ. ಅವನ ಹೆಂಡತಿ ಚಾ ತಂದಿಟ್ಟಳು. ಮಗಳ ಶಾಲೆ ಈಗ ಇಲ್ಲೇ ಹತ್ತಿರ, ಅವಳನ್ನು ಕೇಳಬೇಕು ಎಂದ. ನಸುಕಿನಲ್ಲಿ ಕಡಲಿಗೆ ಹೋಗಲೆಂದು ಸಾಲಮಾಡಿ ತೆಗೆದ ಬೈಕು ಅಂಗಳದಲ್ಲಿ ನೆನೆಯುತ್ತಿತ್ತು, ಅದರ ಕಂತು ಇನ್ನೂ ಮುಗಿದಿಲ್ಲವಂತೆ. ಓಣಂ ಕಳೆದು ಹೇಳುತ್ತೇನೆ ಮಾಷೇ ಎಂದ. ಅಣ್ಣನಿಗೆ ನಾನಿನ್ನೂ ಹೇಳಿಲ್ಲ.