ನಡುಗೋ ಕೆಲಸ ಯಾರಿಗೆ?

ಗೋಕಾಕದಿಂದ ಮೂಡಲಗಿ ಕಡೆಗೋ ಹುಕ್ಕೇರಿ ಕಡೆಗೋ ಹೊರಟಾಗ ಹೊಲಗಳ ಮೇಲೆ ಹಾದುಹೋಗೋ ಹೈಟೆನ್ಷನ್ ತಂತಿಗಳನ್ನು ಒಮ್ಮೆ ಗಮನಿಸಿ. ಟವರಿನ ಪಕ್ಕದಲ್ಲೇ, ತಂತಿಯ ಕೆಳಗೆ ಜಿಮ್ಮಿನ ಡಂಬೆಲ್‌ನಂಥದ್ದೊಂದು ನೇತಾಡ್ತಿದ್ದರೆ ಅದು ಸ್ಟಾಕ್‌ಬ್ರಿಜ್ ಡ್ಯಾಂಪರ್. 1920ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಜ್ ರೂಪಿಸಿದ್ದು. ತಂತಿಗೆ ಬಿರುಗಾಳಿಯಷ್ಟೇ ಶತ್ರು ಅಲ್ಲ. ಹದವಾಗಿ, ಒಂದೇ ಸಮ ಬೀಸೋ ಗಾಳಿಗೆ ಸಣ್ಣಗೆ ಕಂಪಿಸ್ತಾ ಕಂಪಿಸ್ತಾ ಅದರ ಎಳೆಗಳು ಒಂದೊಂದಾಗಿ ಹರಿಯಬಹುದು. ಆ ನಡುಕವನ್ನು ಡಂಬೆಲ್ ತನ್ನ ಮೇಲೆ ಎಳ್ಕೊಳ್ಳುತ್ತೆ.

ಇದರ ಹಿಂದಿನ ಉಪಾಯ ಇನ್ನೂ ಹಳೇದು. ಹರ್ಮನ್ ಫ್ರಾಮ್ 1909ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದ. ನಡುಗೋ ಯಂತ್ರಕ್ಕೆ ಸ್ಪ್ರಿಂಗ್ ಮೂಲಕ ಸಣ್ಣ ತೂಕ ಜೋಡಿಸಿ, ಎರಡರ ಲಯ ಹೊಂದಿಸಿದರೆ ದೊಡ್ಡದು ನಿಲ್ಲುತ್ತೆ, ಸಣ್ಣದು ಕುಣಿಯುತ್ತೆ. ಆದರೆ ಯಂತ್ರದ ವೇಗ ಬದಲಾದರೆ ಲೆಕ್ಕ ತಪ್ಪುತ್ತೆ. ಹೊಂದಿಸಿದ ಲಯದ ಆಚೆ ಈಚೆ ಎರಡು ಹೊಸ ನಡುಕಗಳು ಕಾದಿರುತ್ತವೆ. ಅದಕ್ಕೇ ಈಗ ತನ್ನ ಬಿಗಿತವನ್ನೇ ಬದಲಿಸ್ಕೊಂಡು ಹೊಸ ಲಯಕ್ಕೆ ಒಗ್ಗೋ ಸಾಧನಗಳು ಬಂದಿವೆ.

ಈ ಗುಣಕ್ಕೆ ನಮ್ಮಲ್ಲೊಂದು ಹೆಸರಿದೆ: ‘ಅಡ್ಜಸ್ಟ್’.

ಅಪ್ಪನ ಸಿಟ್ಟಿಗೆ ಒಂದು ದನಿ, ಮಗನ ಮೌನಕ್ಕೆ ಇನ್ನೊಂದು ದನಿ ಹೊಂದಿಸೋ ಅವ್ವ ಇರೋ ಮನೆಯನ್ನ ‘ಶಾಂತ ಮನೆತನ’ ಅಂತೀವಿ. ಕ್ಲೈಂಟ್ ಕೂಗಾಡಿದರೂ ತಣ್ಣಗಿರೋ ಟೀಮಿನಲ್ಲಿ ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚದ ಒಬ್ಬಳಿರ್ತಾಳೆ. ಒಬ್ರು ತಡ್ಕೊಂಡ್ರೆ ಹತ್ತು ಮಂದಿ ನೆಮ್ಮದಿಯಾಗಿರ್ತಾರಲ್ಲ, ತಪ್ಪೇನು?

ಈ ವಾದವನ್ನು ನಾನು ಒಪ್ತೀನಿ, ಒಂದು ಷರತ್ತಿನ ಮೇಲೆ. ಕಬ್ಬಿಣಕ್ಕೆ ಕೊಡೋ ಮರ್ಯಾದೆಯನ್ನಾದರೂ ಮನುಷ್ಯರಿಗೆ ಕೊಡಬೇಕು. ಒಳ್ಳೇ ಎಂಜಿನಿಯರ್ ಮೊದಲು ಯಂತ್ರವನ್ನೇ ನೋಡ್ತಾನೆ. ತಿರುಗೋ ಚಕ್ರದ ಸಮತೋಲ ತಪ್ಪಿದ್ದರೆ ಅದನ್ನೇ ಸರಿಮಾಡ್ತಾನೆ. ಆಮೇಲೂ ಡ್ಯಾಂಪರ್ ಬೇಕಾದರೆ, ಅದು ಎಷ್ಟು ತಡೆದೀತು ಅಂತ ಲೆಕ್ಕ ಹಾಕ್ತಾನೆ. ಸ್ಟಾಕ್‌ಬ್ರಿಜ್ ಡ್ಯಾಂಪರಿನ ಎರಡು ತೂಕಗಳ ನಡುವೆ ಹೊಸೆದ ಕೇಬಲ್ ಇರುತ್ತೆ. ಅದರ ಎಳೆಗಳು ಒಂದಕ್ಕೊಂದು ಉಜ್ಜಿ ನಡುಕವನ್ನು ಶಾಖ ಮಾಡಿ ಹೊರಗೆ ಬಿಡ್ತವೆ. ತೂಕ ಜೋತುಬಿದ್ದರೆ ಬದಲಿಸ್ತಾರೆ.

ನಾವೋ, ಸಿಟ್ಟು ಎಲ್ಲಿಂದ ಬಂತು ಅಂತ ಕೇಳಲ್ಲ. ಅವ್ವ ಎಷ್ಟು ತಡೆದಾಳು ಅಂತ ಲೆಕ್ಕ ಹಾಕಲ್ಲ. ಅವಳು ಅತ್ತರೆ “ಈಗೇನಾತು?” ಅಂತೀವಿ. ಅವಳ ಒಳಗಿಂದು ಹೊರಗೆ ಹೋಗೋಕೆ ಇದ್ದ ಒಂದೇ ದಾರಿ ಅದು.

ಗೋಕಾಕ ಫಾಲ್ಸ್‌ನ ತೂಗುಸೇತುವೆ ಮೇಲೆ ನಡೆದವರಿಗೆ ಗೊತ್ತು, ಅಲ್ಲಿ ಒಬ್ಬರ ಹೆಜ್ಜೆ ಎಲ್ಲರ ಕಾಲಿಗೂ ತಿಳಿಯುತ್ತೆ. ಅಷ್ಟು ಅಲುಗಾಟ ಮನೆಯಲ್ಲೂ ಇದ್ದರೆ ನನಗೆ ಅಡ್ಡಿಯಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ನಡುಗಿದರೆ, ಒಬ್ಬಳೇ ಪೂರ್ತಿ ನಡುಗಬೇಕಾಗಲ್ಲ.